ಫಲಕದ ಫೀಸು, ಜೇಬಿನ ಖರ್ಚು

ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದರೆ, ಶಕ್ತಿನಗರದ ಚಿಮಣಿಗಳು ಮರೆಯಾಗುವ ಮೊದಲೇ ಕೃಷ್ಣೆ ಎದುರಾಗುತ್ತಾಳೆ. ನಿಜಾಮರ ಕಾಲದ ಸೇತುವೆಯ ಆಚೆ ದಡ ತೆಲಂಗಾಣ. ರಾಜ್ಯ ಬದಲಾದರೂ ಮಾತು ಬದಲಾಗುವುದಿಲ್ಲ. ಕೃಷ್ಣಾ ಮಂಡಲದ ಊರುಗಳಲ್ಲಿ ಮನೆಮಾತು ಕನ್ನಡ. ಸರ್ಕಾರಿ ಕನ್ನಡ ಶಾಲೆಗಳೂ ಇವೆ. ಹತ್ತನೇ ತರಗತಿ ಮುಗಿದ ಮೇಲೆ ಇಲ್ಲಿನ ಮಕ್ಕಳು ಎರಡು ದಾರಿಗಳ ನಡುವೆ ನಿಲ್ಲುತ್ತಾರೆ. ಹೊಳೆ ದಾಟಿದರೆ ರಾಯಚೂರು, ಹಿಂದಕ್ಕೆ ತಿರುಗಿದರೆ ಮಕ್ತಲ್, ನಾರಾಯಣಪೇಟೆ, ಮಹಬೂಬ್‌ನಗರ. ಒಂದು ಕಡೆ ಭಾಷೆ ಸಲೀಸು, ಇನ್ನೊಂದು ಕಡೆ ಸರ್ಕಾರದ ನೆರವು ಸಲೀಸು.

ಈ ತೊಡಕಿನ ರುಚಿ ಮೊದಲು ಸಿಗುವುದು ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ‘ಶಕ್ತಿ’ ಬಂತು, ಡಿಸೆಂಬರ್‌ನಲ್ಲಿ ತೆಲಂಗಾಣದಲ್ಲಿ ‘ಮಹಾಲಕ್ಷ್ಮಿ’ ಬಂತು. ಎರಡೂ ಕಡೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆದರೆ ಮಕ್ತಲ್‌ನಿಂದ ರಾಯಚೂರಿನ ಕಾಲೇಜಿಗೆ ಹೊರಟ ಹುಡುಗಿಗೆ ತೆಲಂಗಾಣದ ಸೊನ್ನೆ ಟಿಕೆಟ್ ಗಡಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ದುಡ್ಡು ಕೊಡಬೇಕು, ಏಕೆಂದರೆ ‘ಶಕ್ತಿ’ ಇರುವುದು ಕರ್ನಾಟಕದ ನಿವಾಸಿಗಳಿಗೆ. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್–ಕೃಷ್ಣಾ ಹಳಿ ಉದ್ಘಾಟನೆಯಾಗಿ ಹೈದರಾಬಾದಿನ ಕಾಚಿಗುಡದಿಂದ ರಾಯಚೂರಿಗೆ ಈ ದಾರಿಯಲ್ಲಿ ರೈಲು ಓಡತೊಡಗಿತು. ಕಾಲೇಜಿನ ವೇಳೆಗೆ ರೈಲಿನ ವೇಳೆ ಹೊಂದಿದರೆ ಪಾಸೇ ಅಗ್ಗ. ಹೊಂದದಿದ್ದರೆ ಮತ್ತೆ ಬಸ್ಸೇ ಗತಿ.

ಹೊಳೆ ದಾಟದೆ ಹಿಂದಕ್ಕೆ ತಿರುಗಿದರೆ ಸಿಗುವ ನಾರಾಯಣಪೇಟೆ ಎಂದರೆ ಸೀರೆ. ಚೌಕಳಿ ಒಡಲು, ದಟ್ಟ ಅಂಚು. 2019ರ ಫೆಬ್ರವರಿಯಲ್ಲಿ ಇದು ಜಿಲ್ಲಾ ಕೇಂದ್ರವಾಯಿತು. ಅಂಗಡಿ ಸಾಲಿನಲ್ಲಿ ತೆಲುಗು, ಕನ್ನಡ, ಉರ್ದು, ಮರಾಠಿ ಒಂದೇ ವ್ಯಾಪಾರದಲ್ಲಿ ಬೆರೆಯುತ್ತವೆ. ಜೆರಾಕ್ಸ್ ಅಂಗಡಿ ಮತ್ತು ಸರ್ಕಾರಿ ಸೇವೆಗಳ ಮೀಸೇವಾ ಕೇಂದ್ರದ ಮುಂದೆ ವಿದ್ಯಾರ್ಥಿಗಳು ಕಾಣುತ್ತಾರೆ, ಕೈಯಲ್ಲಿ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ. ಡಿಗ್ರಿ ಸೀಟಿಗೆ ಇಲ್ಲಿ ಕಾಲೇಜಿನಿಂದ ಕಾಲೇಜಿಗೆ ಅಲೆಯಬೇಕಿಲ್ಲ. 2016ರಿಂದ ‘ದೋಸ್ತ್’ ಎಂಬ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಎಲ್ಲವೂ ಸಾಗುತ್ತದೆ. ಅರ್ಹ ಬಡ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ಸರ್ಕಾರ ಕಾಲೇಜಿಗೆ ಮರುಪಾವತಿಸುತ್ತದೆ. ಖಾಸಗಿ ಕಾಲೇಜಾದರೂ ಸರಿ, ಕ್ರೈಸ್ತ ಆಡಳಿತದ್ದಾದರೂ ಸರಿ.

ಕೇಳಲು ಇದು ಸಲೀಸು. ಆದರೆ ಆ ಹಣ ಬರುವುದು ತಡ. 2024ರ ಅಕ್ಟೋಬರ್‌ನಲ್ಲಿ ಬಾಕಿ ವಸೂಲಿಗಾಗಿ ರಾಜ್ಯದ ಖಾಸಗಿ ಡಿಗ್ರಿ ಕಾಲೇಜುಗಳು ಬಾಗಿಲು ಮುಚ್ಚಿ ಮುಷ್ಕರ ಹೂಡಿದ್ದವು. ದೊಡ್ಡ ಸಂಸ್ಥೆ ಹೇಗೋ ತಡೆದುಕೊಳ್ಳುತ್ತದೆ. ಇನ್ನೂರು, ಮುನ್ನೂರು ಮಕ್ಕಳ ಸಣ್ಣ ಕಾಲೇಜಿಗೆ ಉಪನ್ಯಾಸಕರ ಸಂಬಳ ಕೊಡುವುದೇ ಕಷ್ಟವಾಗುತ್ತದೆ. ಬಸ್ ನಿಲ್ದಾಣದಲ್ಲಿ ಮಾತಿಗೆ ಸಿಕ್ಕ ಹುಡುಗನೊಬ್ಬ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿದ: “ಫೀಸ್ ಸರ್ಕಾರ ಕೊಡ್ತದ್ರಿ ಸರ್. ರೂಮಿಂದು, ಊಟದ್ದು ಯಾರ್ ಕೊಡ್ತಾರ್ರಿ?” ನಾಲ್ವರು ಹಂಚಿಕೊಂಡ ರೂಮು, ಗ್ಯಾಸ್ ಸಿಲಿಂಡರ್, ಪರೀಕ್ಷಾ ಶುಲ್ಕ, ರೆಕಾರ್ಡ್ ಪುಸ್ತಕ, ಮೊಬೈಲ್ ರೀಚಾರ್ಜ್. ಭಾನುವಾರ ಊರಿಗೆ ಹೋದವನು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದರೆ ವಾರದ ಅರ್ಧ ಖರ್ಚು ಉಳಿದಂತೆ.

ಇದೇ ಸೀಮೆಯ ಗದ್ವಾಲ ಕೃಷ್ಣಾ–ತುಂಗಭದ್ರೆಗಳ ನಡುವಿನ ಊರು. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ವಿಂಗಡಣೆ ಅವನ್ನು ಆಚೆಗೆ ಕಳಿಸಿತು. ಸಂಸ್ಥಾನದ ಕೊನೆಯ ರಾಣಿ ಆದಿಲಕ್ಷ್ಮೀ ದೇವಮ್ಮನ ಹೆಸರನ್ನು ಇಲ್ಲಿನ ಸರ್ಕಾರಿ ಡಿಗ್ರಿ ಕಾಲೇಜು ಹೊತ್ತಿದೆ. ಈ ಊರಿನ ಕ್ರೈಸ್ತ ಶಿಕ್ಷಣದ ಕಥೆ ಮಾತ್ರ ಬಲು ದೂರದ ಗೋಧಿ ಹೊಲಗಳಿಂದ ಬಂದದ್ದು.

ರಷ್ಯಾ ಸಾಮ್ರಾಜ್ಯದ ದಕ್ಷಿಣದ ಹುಲ್ಲುಗಾವಲಿನಲ್ಲಿ ನೆಲೆಸಿದ್ದ, ಜರ್ಮನ್ ಮಾತಾಡುವ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು 1870ರ ದಶಕದಲ್ಲಿ ಅಮೆರಿಕದ ಕಾನ್ಸಾಸ್‌ಗೆ ವಲಸೆ ಹೋದರು. ಅವರಲ್ಲಿ ಮೆನೊನೈಟ್ ಬ್ರೆದ್ರೆನ್ ಎಂಬ ಪಂಗಡ 1899ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಮಿಷನರಿಗಳನ್ನು ಕಳಿಸಿತು. 1937ರಲ್ಲಿ ಮಹಬೂಬ್‌ನಗರ, ಗದ್ವಾಲಗಳ ಕೆಲಸವನ್ನು ಅಮೆರಿಕನ್ ಬ್ಯಾಪ್ಟಿಸ್ಟರಿಂದ ವಹಿಸಿಕೊಂಡಿತು. ಮೆನೊನೈಟರ ಕೆಲಸದಲ್ಲಿ ಶಾಲೆಯ ಪಕ್ಕದಲ್ಲೇ ಬೋರ್ಡಿಂಗ್ ಇರುತ್ತಿತ್ತು. ಕೂಲಿ ಮನೆಯ ಮಗು ಓದಬೇಕಾದರೆ ಮೊದಲು ಅದಕ್ಕೆ ಊಟ, ಮಲಗಲು ಜಾಗ ಬೇಕು ಎಂಬುದು ಅವರಿಗೆ ಗೊತ್ತಿತ್ತು. 1920ರಲ್ಲಿ ನಾಗರಕರ್ನೂಲಿನಲ್ಲಿ ತೆರೆದ ಅವರ ಬೈಬಲ್ ಶಾಲೆ ಇಂದು ಶಂಷಾಬಾದಿನಲ್ಲಿ ಸಣ್ಣ ಕಾಲೇಜಾಗಿ ನಡೆಯುತ್ತಿದೆ.

ಅದೇ ಪಂಗಡ 1908ರಲ್ಲಿ ಕಾನ್ಸಾಸ್‌ನ ಹಿಲ್ಸ್‌ಬೊರೋದಲ್ಲಿ ಟೇಬರ್ ಕಾಲೇಜು ಕಟ್ಟಿತು. ಶಂಷಾಬಾದಿನಲ್ಲಿ 1932ರಲ್ಲಿ ಹುಟ್ಟಿದ ಪಾಲ್ ಹೀಬರ್ಟ್ ಕಾಲೇಜು ಓದಿದ್ದು ಟೇಬರ್‌ನಲ್ಲೇ. ಮುಂದೆ ಮಾನವಶಾಸ್ತ್ರಜ್ಞರಾಗಿ, ತೆಲಂಗಾಣದ ಹಳ್ಳಿಯೊಂದರ ಬಗ್ಗೆ ‘ಕೊಂಡೂರು’ ಎಂಬ ಗ್ರಂಥವನ್ನು 1971ರಲ್ಲಿ ಪ್ರಕಟಿಸಿದರು. ಟೇಬರ್‌ನಲ್ಲಿ ಈಗಲೂ ವಿದ್ಯಾರ್ಥಿಗಳ ಸಂಖ್ಯೆ ಸಾವಿರ ಮುಟ್ಟಿಲ್ಲ. ಆದರೆ ವರ್ಷದ ಬೋಧನಾ ಶುಲ್ಕವೇ ಮೂವತ್ತು ಸಾವಿರ ಡಾಲರ್ ದಾಟುತ್ತದೆ. ಊಟ, ವಸತಿ ಬೇರೆ. ಬೆಚ್ಚಿಬೀಳುವ ಮೊದಲು ಅಲ್ಲಿನ ಪದ್ಧತಿ ತಿಳಿಯಬೇಕು. ಅಮೆರಿಕದ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಸರಾಸರಿ ಅರ್ಧಕ್ಕಿಂತ ಹೆಚ್ಚು ಶುಲ್ಕವನ್ನು ವಿದ್ಯಾರ್ಥಿವೇತನದ ಹೆಸರಿನಲ್ಲಿ ಬಿಟ್ಟುಕೊಡುತ್ತವೆ. ಪೂರ್ತಿ ಫೀಸು ತೆರುವವರು ಅಪರೂಪ.

ಹೀಗೆ ಹಿಲ್ಸ್‌ಬೊರೋದಲ್ಲೂ ಮಹಬೂಬ್‌ನಗರದ ಸೀಮೆಯಲ್ಲೂ ಫಲಕದ ಮೇಲಿನ ಫೀಸು ಒಂದು, ಜೇಬಿನಿಂದ ಹೋಗುವುದು ಇನ್ನೊಂದು. ಅಲ್ಲಿ ಕಾಲೇಜೇ ರಿಯಾಯಿತಿ ಕೊಡುತ್ತದೆ, ಉಳಿದದ್ದಕ್ಕೆ ವಿದ್ಯಾರ್ಥಿ ಸಾಲ ಮಾಡುತ್ತಾನೆ. ಇಲ್ಲಿ ಸರ್ಕಾರ ಫೀಸು ಕೊಡುವುದಾಗಿ ಹೇಳುತ್ತದೆ, ಅದು ಬರುವವರೆಗೆ ಕಾಲೇಜು ಕಾಯುತ್ತದೆ. ಗದ್ವಾಲದ ದಲಿತ ಕ್ರೈಸ್ತ ವಿದ್ಯಾರ್ಥಿಗೆ ಇನ್ನೊಂದು ಸುತ್ತು ಹೆಚ್ಚು. ಪರಿಶಿಷ್ಟ ಜಾತಿಯಿಂದ ಮತಾಂತರವಾದವರು ಇಲ್ಲಿ ಹಿಂದುಳಿದ ವರ್ಗಗಳ ‘ಬಿ.ಸಿ.–ಸಿ’ ಗುಂಪು, ಅವರಿಗಿರುವ ಮೀಸಲು ಶೇ. 1 ಮಾತ್ರ.

ಈ ಸೀಮೆಯಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಅವುಗಳ ಪಕ್ಕದಲ್ಲಿ ನಂಬಿ ಬಿಡಬಹುದಾದ ಹಾಸ್ಟೆಲ್‌ಗಳಿಗೆ ಕೊರತೆ. ಮಕ್ತಲ್‌ನ ರೈತ ಮಗಳನ್ನು ಓದಿಸುವ ತೀರ್ಮಾನವನ್ನು ಪ್ರಾಸ್ಪೆಕ್ಟಸ್ ನೋಡಿ ಮಾಡುವುದಿಲ್ಲ. ತಿಂಗಳಿಗೊಮ್ಮೆ ಕಳಿಸಬೇಕಾದ ದುಡ್ಡು, ಅವಳು ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ, ಈ ಎರಡರ ಮೇಲೆ ಮಾಡುತ್ತಾನೆ. ಫೀಸಿನ ಜೊತೆಗೆ ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಾಲೇಜು ಯಾರದೇ ಆಗಿರಲಿ, ಅಲ್ಲಿ ಸೀಟು ಖಾಲಿ ಉಳಿಯುವುದಿಲ್ಲ.