ಮಂಗಳಿಗೊಬ್ಬ ಡಾಕ್ಟರು

ಮಗಳಿಗೆ ಗಂಡು ನೋಡುವಾಗ ಹತ್ತು ಕಡೆ ವಿಚಾರಿಸುತ್ತೇವೆ. ನೆಗಡಿ ಬಂದರೂ ಯಾವ ಡಾಕ್ಟರ ಕೈಗುಣ ಒಳ್ಳೆಯದೆಂದು ಬೀದಿಯನ್ನೆಲ್ಲ ಕೇಳುತ್ತೇವೆ. ನಾಯಿಗೋ ಬೆಕ್ಕಿಗೋ ಕಾಯಿಲೆಯಾದಾಗ ಮಾತ್ರ ಯಾವ ಬೋರ್ಡು ಮೊದಲು ಕಣ್ಣಿಗೆ ಬೀಳುತ್ತದೋ ಅಲ್ಲಿಗೆ ನುಗ್ಗುವುದು ನಮ್ಮ ರೂಢಿ. ಅದೂ ಕಾಯಿಲೆ ಕೈಮೀರುವ ಹೊತ್ತಿಗೆ. ಮನುಷ್ಯನಾದರೆ ‘ಇಲ್ಲಿ ನೋಯುತ್ತೆ’ ಎಂದು ತೋರಿಸಿಯಾನು. ಬಾಯಿಲ್ಲದ ಜೀವದ ಪರವಾಗಿ ನಾವು ಹೇಳಬೇಕು, ಡಾಕ್ಟರು ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳುವ ಸಹನೆ ಇಲ್ಲದವರು ಎಷ್ಟು ಓದಿದ್ದರೇನು?

ಹಾಗೆಂದು ಓದು ಬೇಡವೆಂದಲ್ಲ. ಪಶುವೈದ್ಯರಾಗಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. 1984ರ ಕಾಯ್ದೆಯ ಪ್ರಕಾರ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆ ನೋಂದಣಿ ನಂಬರು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ನಾಯಿ ಬಿಸ್ಕತ್ತು ಮಾರುವ ಅಂಗಡಿಯಾತ ಸಿರಿಂಜು ಹಿಡಿದ ಮಾತ್ರಕ್ಕೆ ಡಾಕ್ಟರಾಗುವುದಿಲ್ಲ.

ನಮ್ಮ ಮಂಗಳಿ ಬೀದಿಯಿಂದ ಬಂದವಳು. ಒಂದು ಮಂಗಳವಾರ ಗೇಟಿನ ಒಳಗೆ ಬಂದು ಮಲಗಿದವಳು ಮತ್ತೆ ಹೊರಗೆ ಹೋಗಲಿಲ್ಲ, ಅದಕ್ಕೇ ಆ ಹೆಸರು. ಆಗಲೇ ಅವಳಿಗೆ ಐದಾರು ವರ್ಷವಾಗಿದ್ದಿರಬೇಕು. ಬಂದು ಮೂರು ತಿಂಗಳಾಗುವಷ್ಟರಲ್ಲಿ ಅನ್ನ ಬಿಟ್ಟಳು. ನೀರು ಮಾತ್ರ ಬಕೆಟ್ಟುಗಟ್ಟಲೆ ಕುಡಿಯತೊಡಗಿದಳು. ಮನೆಯವರು ಅವಳನ್ನು ಗಾಜಿನ ಬಾಗಿಲಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು, ನಾನೂ ಜೊತೆಗಿದ್ದೆ. ಗೋಡೆಯ ತುಂಬ ಪರದೇಶಿ ನಾಯಿಗಳ ಚಿತ್ರ. ಡಾಕ್ಟರು ಕುರ್ಚಿಯಿಂದ ಏಳದೆ, “ಜಾತಿ ನಾಯೀನಾ?” ಎಂದರು. ಅಲ್ಲ ಎಂದೆ. “ಬೇಸಿಗೆ ಅಲ್ವಾ ಮೇಡಂ, ನೀರು ಕುಡೀತಾವೆ” ಎಂದು ಒಂದು ಇಂಜೆಕ್ಷನ್ ಚುಚ್ಚಿಸಿ, ಟಾನಿಕ್ಕು ಬರೆದುಕೊಟ್ಟರು. ಸೂಜಿ ಚುಚ್ಚಿದ್ದು ಸಹಾಯಕ ಹುಡುಗ. ಡಾಕ್ಟರ ಕೈ ಮಂಗಳಿಯ ಮೈಮೇಲೆ ಬೀಳಲೇ ಇಲ್ಲ.

ಎರಡು ದಿನ ಕಳೆದರೂ ಅವಳು ಏಳಲಿಲ್ಲ. ಹಾಲು ಕೊಡುವ ಅಮ್ಮ ನೋಡಿ, “ಟೀಚರಮ್ಮ, ದನಿನಾಸ್ಪತ್ರೆಗೆ ಕರ್ಕೊಂಡೋಗಿ, ಅಲ್ಲೊಬ್ಬ ಹೆಣ್ಮಗಳು ಬಂದವ್ರೆ, ನಮ್ಮ ಹಸೂನ ಉಳಿಸಿದ್ರು” ಎಂದಳು. ಸರ್ಕಾರಿ ಪಶು ಆಸ್ಪತ್ರೆ ಎಂದರೆ ದನ ನಿಲ್ಲಿಸುವ ಕಬ್ಬಿಣದ ಕಟಕಟೆ, ಸಗಣಿ ವಾಸನೆ, ಇಷ್ಟೇ ನಮ್ಮ ಕಲ್ಪನೆ. ಅಲ್ಲಿದ್ದದ್ದೂ ಅಷ್ಟೇ ಅನ್ನಿ. ಆದರೆ ಆ ಹುಡುಗಿ (ನನ್ನ ಶಿಷ್ಯೆಯರ ವಯಸ್ಸಿನವರು, ಹುಡುಗಿ ಎನ್ನದೆ ಏನೆನ್ನಲಿ) ಹಸುವೊಂದನ್ನು ನೋಡಿ ಮುಗಿಸಿ, ಭುಜದವರೆಗಿನ ಕೈಗವಸು ತೆಗೆದು, ಕೈತೊಳೆದು ಬಂದು ಮಂಗಳಿಯ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಒಸಡು ನೋಡಿದರು, ಜ್ವರ ನೋಡಿದರು, ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು.

“ಟೀಚರ್, ಇವಳು ಬೆದೆಗೆ ಬಂದಿದ್ದು ಯಾವಾಗ?”

ಒಂದೂವರೆ ತಿಂಗಳ ಹಿಂದೆ. ಬೀದಿಯ ಗಂಡುನಾಯಿಗಳೆಲ್ಲ ಗೇಟಿನ ಹತ್ತಿರ ಠಿಕಾಣಿ ಹೂಡಿದ್ದನ್ನು ನಾನು ಮರೆಯುವುದುಂಟೇ?

“ಗರ್ಭಕೋಶದಲ್ಲಿ ಕೀವು ತುಂಬಿರೋ ಅನುಮಾನ ಇದೆ. ಹೊರಗೇನೂ ಸೋರದೇ ಇದ್ರೆ ಇನ್ನೂ ಅಪಾಯ. ಸ್ಕ್ಯಾನ್ ಮಾಡದೆ ಖಚಿತ ಹೇಳೋಕಾಗಲ್ಲ, ಆ ಮೆಷಿನ್ ಇಲ್ಲಿಲ್ಲ. ಹಾಸನದ ವೆಟರ್ನರಿ ಕಾಲೇಜಿಗೆ ಇವತ್ತೇ ಕರ್ಕೊಂಡು ಹೋಗಿ. ನಾಳೆ ಅನ್ಬೇಡಿ. ಆಪರೇಷನ್‌ನಲ್ಲೂ ಅಪಾಯ ಇದೆ ಟೀಚರ್, ಮಾಡಿಸದಿದ್ರೆ ಮಾತ್ರ ಇವಳು ಉಳಿಯೋದು ಕಷ್ಟ.”

‘ಇದು ನನ್ನಿಂದ ಇಲ್ಲಿ ಆಗುವುದಿಲ್ಲ’ ಎಂದು ಹೇಳುವ ಡಾಕ್ಟರ ಮೇಲೆ ನನಗೆ ಅಂದಿನಿಂದ ತುಂಬ ನಂಬಿಕೆ. ಅವರೇ ಫೋನು ಮಾಡಿ, ಚೀಟಿ ಬರೆದುಕೊಟ್ಟರು. ಇಬ್ಬರು ಆಟೋದವರು ನಾಯಿ ಎಂದೊಡನೆ ತಲೆಯಾಡಿಸಿದರು. ಕಡೆಗೆ ತರಕಾರಿ ವ್ಯಾನಿನಲ್ಲಿ, ಕೋಸಿನ ಮೂಟೆಗಳ ನಡುವೆ ನಮ್ಮ ಪ್ರಯಾಣ. ಅವಳ ತಲೆ ನನ್ನ ತೊಡೆಯ ಮೇಲೆ, ಉಸಿರು ಬೆಂಕಿಯಂತೆ. ಸ್ಕ್ಯಾನಿನಲ್ಲಿ ಅನುಮಾನ ನಿಜವಾಯಿತು. ಅಂದೇ ಗರ್ಭಕೋಶ ತೆಗೆದರು. ಒಳಗೇ ಒಡೆದಿದ್ದರೆ ಕಷ್ಟವಿತ್ತಂತೆ. ಹತ್ತನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದವಳು ನೇರವಾಗಿ ಅಡಿಗೆಮನೆ ಬಾಗಿಲಿಗೇ ಹೋಗಿ ಕೂತಳು.

ಆಮೇಲೆ ನಮ್ಮ ಡಾಕ್ಟರಮ್ಮನ ಒಂದೊಂದೇ ಗುಣ ಕಾಣತೊಡಗಿತು. ಲಸಿಕೆ ಹಾಕುವಾಗ ಫ್ರಿಜ್ಜಿನಿಂದ ನಮ್ಮೆದುರೇ ತೆಗೆಯುತ್ತಿದ್ದರು. ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಬಿಸಿಲಿಗಿಟ್ಟದ್ದು ಕೆಲಸಕ್ಕೆ ಬಾರದು. ಸೀಸೆಯ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸಿ, ಮುಂದಿನ ತಾರೀಖು ಬರೆಯುತ್ತಿದ್ದರು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಆದ್ದರಿಂದ ಆ ಕಾರ್ಡು ಮನೆ ಮಂದಿಗೆಲ್ಲ ರಕ್ಷೆ ಇದ್ದಂತೆ. ಬೈಯುವುದರಲ್ಲೂ ಅವರು ಹಿಂದೆಗೆಯುವವರಲ್ಲ. ಎದುರು ಮನೆಯಾಕೆ ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, “ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಪ್ರಾಣ ತೆಗೆಯುತ್ತೆ!” ಎಂದು ಕೂಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಸರ್ಕಾರಿ ನೌಕರಿ ಎಂದ ಮೇಲೆ ವರ್ಗ ತಪ್ಪೀತೇ? ಕಳೆದ ತಿಂಗಳು ಅವರಿಗೆ ಆರ್ಡರು ಬಂತು. ಮಂಗಳಿಯ ಕಾರ್ಡಿನ ಹಿಂದೆ ಆಪರೇಷನ್ ತಾರೀಖು, ಅವಳಿಗೆ ಆಗದ ಔಷಧಿಯ ಹೆಸರು ಎಲ್ಲ ಬರೆದುಕೊಟ್ಟು, ಅವಳ ಕಿವಿ ಸವರಿ ಹೋದರು. ಅವರ ಜಾಗಕ್ಕೆ ಹೊಸಬರು ಬಂದು ಹದಿನೈದು ದಿನವಾಯಿತು. ಮಂಗಳಿಗೆ ಈಗೇನೂ ಆಗಿಲ್ಲ, ಚೆನ್ನಾಗಿ ತಿಂದುಂಡುಕೊಂಡಿದ್ದಾಳೆ. ಆದರೂ ಬರುವ ಶನಿವಾರ ಬೆಳಗಿನ ಶಾಲೆ ಮುಗಿಸಿ, ಉಗುರು ಕತ್ತರಿಸುವ ನೆಪ ಹೇಳಿ ಅವಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ. ಹೊಸ ಡಾಕ್ಟರು ಕುರ್ಚಿಯಿಂದ ಏಳುತ್ತಾರೋ ಇಲ್ಲವೋ ನೋಡಬೇಕು.