ಕಂಬವೋ ಮಂಚವೋ

ಮನೆಯನ್ನು ಕೊಂಡವನು ಹಿಂದಿನವರು ಬಿಟ್ಟುಹೋದ ಮಂಚವನ್ನು ಬೇಡವೆಂದು ಹೊರಗಿಡಬಹುದು. ನಡುಮನೆಯ ಕಂಬವನ್ನು ಕೀಳಲಾಗದು. ಯಾವುದು ಮಂಚ, ಯಾವುದು ಕಂಬ ಎಂಬುದು ಮನೆಯ ವಿಷಯದಲ್ಲಿ ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಹಾಗಲ್ಲ. ಮಾರಿದವನು ಕಂಬವೆಂದದ್ದನ್ನು ಕೊಂಡವನೂ ಕಂಬವೆಂದೇ ನಂಬಬೇಕಾಗುತ್ತದೆ.

ಈ ವಿಚಾರವು ನನ್ನ ಮನಸ್ಸನ್ನು ಹೊಕ್ಕುದು 2014ರಲ್ಲಿ. ಆಗ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದುದು ವಿಂಡೋಸ್ 7. ಅದರೊಡನೆಯೇ ಬಂದ ಬ್ರೌಸರು ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಮನೆಮಂದಿಯೆಲ್ಲ ಬೇರೊಂದು ಬ್ರೌಸರಿಗೆ ಒಗ್ಗಿದ್ದುದರಿಂದ, ಯಾರೂ ಬಳಸದ ಬಾಗಿಲೇಕೆಂದು ಅದನ್ನು ತೆಗೆಯಲು ಮನಸ್ಸುಮಾಡಿದೆನು. ಕಂಟ್ರೋಲ್ ಪ್ಯಾನೆಲಿನಲ್ಲಿ ವಿಂಡೋಸಿನ ಅಂಗಗಳ ಪಟ್ಟಿಯೊಂದುಂಟು. ಅಲ್ಲಿ ಆ ಹೆಸರಿನ ಮುಂದಣ ಗುರುತನ್ನು ತೆಗೆದು, ಯಂತ್ರವನ್ನು ಒಮ್ಮೆ ನಿಲ್ಲಿಸಿ ನಡೆಸಿದೊಡನೆ ಬ್ರೌಸರು ಕಾಣದಾಯಿತು.

ಹದಿನೈದು ದಿನಗಳ ಬಳಿಕ ನನ್ನ ಅಣ್ಣನವರು ತಮ್ಮ ನಿವೃತ್ತಿವೇತನದ ಪತ್ರವೊಂದನ್ನು ಪಡೆಯಲು ಬಂದರು. ಅವರ ಕಛೇರಿಯ ಪುಟವೋ ಎಕ್ಸ್‌ಪ್ಲೋರರಿನಲ್ಲಲ್ಲದೆ ಬೇರೆಲ್ಲಿಯೂ ತೆರೆಯದು. "ಇದ್ದುದನ್ನು ತೆಗೆದು ಕುಳಿತಿದ್ದೀಯಲ್ಲಪ್ಪ, ಈಗೇನು ಗತಿ?" ಎಂದರು. ಪಟ್ಟಿಯಲ್ಲಿ ಮತ್ತೆ ಗುರುತು ಹಾಕಿದೆನು. ಯಂತ್ರವು ಸಿ.ಡಿ.ಯನ್ನು ಕೇಳಲಿಲ್ಲ, ಅಂತರಜಾಲದಿಂದ ಏನನ್ನೂ ತರಿಸಲಿಲ್ಲ. ಕೆಲವು ನಿಮಿಷಗಳಲ್ಲಿ ಬ್ರೌಸರು ತನ್ನ ಹಳೆಯ ಸ್ಥಾನದಲ್ಲಿತ್ತು. ಪತ್ರವು ದೊರೆತು ಅಣ್ಣನವರಿಗೆ ಸಂತೋಷವಾಯಿತು, ನನಗೆ ಆಶ್ಚರ್ಯವಾಯಿತು. ಇಷ್ಟು ಸುಲಭವಾಗಿ ಮರಳಿತೆಂದರೆ ಅದು ಹೋಗಿಯೇ ಇರಲಿಲ್ಲವೆಂದಲ್ಲವೆ ಅರ್ಥ?

ನಿಜಸ್ಥಿತಿಯೂ ಅದೇ. ಬ್ರೌಸರಿನಲ್ಲಿ ನಮಗೆ ಕಾಣುವ ಕಿಟಕಿಯೊಂದು, ಪುಟವನ್ನು ಓದಿ ಚಿತ್ರಿಸುವ ಒಳಯಂತ್ರವೊಂದು. ಎಕ್ಸ್‌ಪ್ಲೋರರಿನ ಒಳಯಂತ್ರಕ್ಕೆ ಟ್ರೈಡೆಂಟ್ ಎಂದು ಹೆಸರು. ವಿಂಡೋಸಿನ ಸಹಾಯಪುಟಗಳೂ ಇತರರು ಬರೆದ ಅನೇಕ ತಂತ್ರಾಂಶಗಳೂ ಅದನ್ನು ಆಶ್ರಯಿಸಿದ್ದವು. ಗುರುತನ್ನು ತೆಗೆದರೆ ಮರೆಯಾಗುವುದು ಕಿಟಕಿ ಮಾತ್ರ, ಒಳಯಂತ್ರವು ಉಳಿಯುತ್ತದೆ. ಅರ್ಧ ಮಂಚ, ಅರ್ಧ ಕಂಬ!

ಇದೇ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವೇ ನಡೆದುದುಂಟು. 1998ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರವು ಮೈಕ್ರೋಸಾಫ್ಟಿನ ಮೇಲೆ ಮೊಕದ್ದಮೆ ಹೂಡಿತು. ಬ್ರೌಸರು ವಿಂಡೋಸಿನ ಅವಿಭಾಜ್ಯ ಅಂಗವೆಂದು ಸಂಸ್ಥೆಯು ವಾದಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಎಂಬ ಪಂಡಿತರು ವಿಂಡೋಸ್ 98ರಿಂದ ಬ್ರೌಸರನ್ನು ತೆಗೆಯುವ ತಂತ್ರಾಂಶವೊಂದನ್ನು ರಚಿಸಿ ಸರಕಾರದ ಪರವಾಗಿ ಸಾಕ್ಷ್ಯ ನುಡಿದರು. 2001ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯವು, ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂಬ ಕೆಳಗಿನ ಆಜ್ಞೆಯನ್ನು ರದ್ದುಗೊಳಿಸಿತು. ಆದರೆ ತೆಗೆಯಬಹುದಾದ ತಂತ್ರಾಂಶಗಳ ಪಟ್ಟಿಯಿಂದ ಬ್ರೌಸರಿನ ಹೆಸರನ್ನು ಹೊರಗಿಟ್ಟುದು ಕಾನೂನಿಗೆ ವಿರುದ್ಧವೆಂಬ ತೀರ್ಮಾನವನ್ನು ಎತ್ತಿಹಿಡಿಯಿತು.

ಪಟ್ಟಿಯಲ್ಲಿ ಒಂದು ಸಾಲು! ಅದಕ್ಕಾಗಿ ಇಷ್ಟು ವಾದವೆ ಎಂದು ವಾಚಕರು ನಗಬಹುದು. ನಗುವ ಮೊದಲು ಒಂದನ್ನು ಯೋಚಿಸಬೇಕು. ನಾನು ತೆಗೆದು ಮರಳಿ ಹಾಕಿದ ಬ್ರೌಸರು ಮೊದಲಿನದೇ, ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಮೊದಲು ಅದು ತಾನಾಗಿ ಇದ್ದಿತು. ತರುವಾಯ ಅಣ್ಣನವರ ಕೆಲಸಕ್ಕೆ ಬೇಕೆಂದು ನಾನು ಇಟ್ಟುಕೊಂಡೆನು. ಬೇಡವೆನ್ನಲು ಎಡೆಯಿದ್ದುದರಿಂದಲೇ ಬೇಕೆಂಬ ಮಾತಿಗೆ ಬೆಲೆ ಬಂದಿತು. ಹಾಗೆಯೇ, ತೆಗೆದುದನ್ನು ಮರಳಿ ತರುವ ದಾರಿ ಇಲ್ಲದಿದ್ದರೆ ಅಣ್ಣನವರು ಬರಿಗೈಯಲ್ಲಿ ಹೋಗಬೇಕಾಗುತ್ತಿತ್ತು.

2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ನಿವೃತ್ತವಾಯಿತು. ಅದರ ಸ್ಥಾನಕ್ಕೆ ಬಂದ ಎಡ್ಜ್ ಎಂಬ ಬ್ರೌಸರನ್ನು ತೆಗೆಯುವ ಅವಕಾಶವು 2024ರಲ್ಲಿ ಯುರೋಪಿನವರಿಗೆ ಹೊಸ ಕಾನೂನಿನ ಬಲದಿಂದ ದೊರಕಿತು. ಕಾನೂನು ಒತ್ತಾಯಿಸಿದಲ್ಲಿ ಕಂಬವು ಮಂಚವಾಗುವುದಾದರೆ, ಕೊಂಡವನು ಕೇಳುವುದನ್ನು ಬಿಡಬಾರದು.