ಹತ್ತು ಮಕ್ಕಳಿಗೆ ಒಬ್ಬರು

"ಸ್ಪೆಷಲ್ ಟೀಚರ್ ಇವತ್ತು ಬರ್ತಾರಾ ಮೇಡಂ?" ಯಲಹಂಕದ ಸರ್ಕಾರಿ ಶಾಲೆಯೊಂದರ ಗೇಟಿನಲ್ಲಿ, ಮಗನ ಕೈ ಹಿಡಿದಿದ್ದ ತಾಯಿ ಕೇಳಿದರು. ಬಿಐಇಆರ್‌ಟಿ ಎಂದು ಕರೆಯುವ ಈ ವಿಶೇಷ ಶಿಕ್ಷಕರು ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ.

ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ, ಮುಂದಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ. ಹುದ್ದೆ ಮಂಜೂರು ಮಾಡಿ ಎಂದು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದ ಮಗು ನಾಲ್ಕನೇ ಕ್ಲಾಸು ಮುಗಿಸಿರುತ್ತೆ.

ರ‍್ಯಾಂಪ್ ನಡೆಯಲಾಗದ ಮಗುವಿಗೆ ಬೇಕೇ ಬೇಕು. ಆದರೆ ಅಕ್ಷರ ಉಲ್ಟಾ ಬರೆಯೋ ಮಗುವಿಗೆ ಪಕ್ಕದಲ್ಲಿ ದಿನಾ ಕೂತು ತಿದ್ದಿಸೋರು ಬೇಕು. ತಿಂಗಳಿಗೊಮ್ಮೆ ಬಂದು ಹೋಗೋರಲ್ಲ.

ಆ ಅಮ್ಮ ಹನ್ನೊಂದು ಗಂಟೆಯಾದರೂ ಗೇಟಿನ ಹತ್ತಿರವೇ ಇದ್ದರು.